ಇಲ್ಲದ ಕೈಯ ನೋವು

ಜನ ನನ್ನನ್ನು ಕರೆಯುತ್ತಿದ್ದದ್ದು ‘ಕರೆಂಟ್ ಬಾಯಾರು’ ಅಂತ, ಅಂದರೆ ಕರೆಂಟ್ ಕೊಡುವ ಅಮ್ಮಾವರು. ಫಿಜಿಯೋಥೆರಪಿ ಎಂಬ ಶಬ್ದ ಆಗಿನ್ನೂ ಗದಗ-ಬೆಟಗೇರಿಯ ನಾಲಿಗೆಗೆ ಒಗ್ಗಿರಲಿಲ್ಲ. ದವಾಖಾನೆಯ ಹಿಂದಿನ ಸಾಲಿನ ಕೊನೆಯ ಖೋಲಿಯಲ್ಲಿ ಒಬ್ಬರು ಬಾಯಾರಿದ್ದಾರೆ, ಮೊಣಕಾಲಿಗೆ ಕರೆಂಟ್ ಕೊಡುತ್ತಾರೆ, ಬೆನ್ನಿಗೆ ಶಾಖ ಕೊಡುತ್ತಾರೆ, ಸೊಂಟಕ್ಕೆ ತೂಕ ಕಟ್ಟಿ ಜಗ್ಗುತ್ತಾರೆ. ನನ್ನ ಬಗ್ಗೆ ಊರಿಗೆ ಇದ್ದ ಖಬರು ಇಷ್ಟೇ. ಬಂದವರು ಹೊಸ್ತಿಲಲ್ಲೇ, “ಬಾಯಾರ, ಇವತ್ತ ಕರೆಂಟ್ ಸ್ವಲ್ಪ ಜೋರ ಇಡ್ರಿ” ಎನ್ನುತ್ತಿದ್ದರು. ಮೈಗೆ ಚುರುಗುಟ್ಟಿದರೆ ಮಾತ್ರ ಔಷಧಿ ತಾಗಿತು ಎಂದು ಅವರ ನಂಬಿಕೆ.

ಈಗ ಕೋರ್ಸ್ ಮುಗಿಸಿ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಆಗಾಗ ಬೆಟಗೇರಿಯ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾ, ಯಾವ ಯಂತ್ರ ಕೊಂಡರೆ ಒಳ್ಳೆಯದು ಎಂದು ಕೇಳುತ್ತಾರೆ. ಯಂತ್ರದ ವಿಷಯದಲ್ಲಿ ನನಗಿಂತ ಅವರೇ ಬಲ್ಲವರು. ನಾನು ಅವರಿಗೆ ಲಕ್ಷ್ಮೇಶ್ವರದ ಮೌಲಾಸಾಬರ ಕಥೆ ಹೇಳುತ್ತೇನೆ. ಆದರೆ ಮೌಲಾಸಾಬರ ಹತ್ತಿರ ಹೋಗುವ ಮೊದಲು ಅಸುಂಡಿಯ ಶಿವಗಂಗವ್ವನ ಹತ್ತಿರ ಒಂದು ಗಳಿಗೆ ನಿಲ್ಲಬೇಕು, ಯಾಕೆಂದರೆ ನೋವನ್ನು ಕೇಳುವ ರೀತಿ ನನಗೆ ಬಂದದ್ದು ಆಕೆಯ ಮೊಣಕಾಲಿನಿಂದ.

ನೋವನ್ನು ಅಂಕಿಯಲ್ಲಿ ಅಳೆಯಬೇಕು ಎಂಬ ಪದ್ಧತಿ ಆಗ ನಮ್ಮ ಕಡೆ ಹೊಸದಾಗಿ ಬಂದಿತ್ತು. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾಗದ್ದು. ನಾನು ಹುರುಪಿನಿಂದ ಶಿವಗಂಗವ್ವನನ್ನು ಕೇಳಿದೆ.

“ಆಯಿ, ನೋವು ಹತ್ತಕ್ಕ ಎಷ್ಟ ಐತ್ರಿ?”

“ಹತ್ತಕ್ಕ ಕಡಿಮಿ ಆಗಿರತೈತಿ ತಂಗಿ. ಮುಂಜಾನೆ ಆರಕ್ಕ ಭಾಳ ಇರತೈತಿ.”

ಆಕೆ ಗಡಿಯಾರದ ಹತ್ತು ಎಂದುಕೊಂಡಿದ್ದಳು. ಇಬ್ಬರೂ ನಕ್ಕೆವು. ನಕ್ಕ ಮೇಲೆ ನನಗೆ ಕುತೂಹಲವಾಯಿತು. ಆರಕ್ಕೆ ಏನು ಮಾಡುತ್ತೀರಿ ಎಂದೆ.

“ರೊಟ್ಟಿ ಬಡಿಯಾಕ ಕುಂಡ್ರತೇನಿ. ಕುಂತಮ್ಯಾಲೆ ಏಳಬೇಕಂದ್ರ ಸೊಸಿ ಬಂದು ಕೈ ಹಿಡೀಬೇಕು. ಮೊಣಕಾಲ ನೋವರ ತಡಕೊಂತೇನಿ, ಆಗ ಆಕಿ ಮಾರಿ ನೋಡೂದು ತಡಕೊಳ್ಳಾಕ ಆಗೂದಿಲ್ಲ.”

ಚಿಕಿತ್ಸೆಯ ಗುರಿ ಸಿಕ್ಕಿತು. ಕರೆಂಟ್ ಬಿಟ್ಟು ತೊಡೆಗೆ ಬಲ ಬರುವ ಕಸರತ್ತು ಶುರು ಮಾಡಿದೆ. ಮೊದಲು ಎತ್ತರದ ಸ್ಟೂಲಿನಿಂದ ಏಳುವುದು, ಆಮೇಲೆ ಗಿಡ್ಡ ಸ್ಟೂಲಿನಿಂದ, ಆಮೇಲೆ ಕೂಡುವ ಮಣೆಯಿಂದ. ಒಂದು ದಿನ ಶಿವಗಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದಳು. “ತಂಗಿ, ಇವತ್ತ ಸೊಸಿ ರೊಟ್ಟಿ ಬಡಿಯಾಕ ಕುಂತಿದ್ಲು. ಆಕಿಗೆ ಏಳಾಕ ನಾ ಕೈ ಕೊಟ್ಟ ಬಂದೇನಿ!” ಎಂದು ಇಡೀ ಕಾರಿಡಾರಿಗೆ ಕೇಳುವಂತೆ ಹೇಳಿದಳು.

ಅಂಕಿ ಕೇಳುವುದನ್ನು ನಾನು ಬಿಡಲಿಲ್ಲ. ಆದರೆ ಅದರ ಬೆನ್ನಿಗೆ ಇನ್ನೆರಡು ಮಾತು ಸೇರಿಸಿದೆ. ಈ ನೋವು ನಿಮಗೆ ಏನು ಮಾಡಗೊಡುವುದಿಲ್ಲ? ಮತ್ತು, ಎಲ್ಲಿ ನೋವು ಎಂದು ಬಾಯಲ್ಲಿ ಹೇಳಬೇಡಿ, ಬೆರಳಿಟ್ಟು ತೋರಿಸಿ.

ಮೌಲಾಸಾಬರು ನನ್ನ ಮುಂದೆ ಬಂದು ಕೂತದ್ದು ಇದಾದ ಎಷ್ಟೋ ವರ್ಷಗಳ ಮೇಲೆ. ಅವರನ್ನು ಕಳಿಸಿದವರು ದೇಸಾಯಿ ಸರ್, ನಮ್ಮ ದವಾಖಾನೆಯ ಎಲುಬಿನ ಡಾಕ್ಟರು. ದೇಸಾಯಿ ಸರ್ ಮಾತು ಕಡಿಮೆಯ ಮನುಷ್ಯ. ಅವರ ಮುಂದೆ ನಿಂತರೆ ನಾವೆಲ್ಲ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಒಮ್ಮೆ ಉರು ಹೊಡೆದೇ ಬಾಯಿ ತೆಗೆಯುತ್ತಿದ್ದೆವು. ಅವರು ಹೇಳಿಕಳಿಸಿದ್ದು ಚಿಕ್ಕದು: ಎಡಗೈ ಅರ್ಧಕ್ಕೆ ಕತ್ತರಿಸಿದೆ, ಉಳಿದ ಭಾಗದಲ್ಲಿ ನೋವು ನಿಲ್ಲುತ್ತಿಲ್ಲ, ಮೊಣಕೈ ಮೇಲಿನಿಂದ ಮತ್ತೆ ಕತ್ತರಿಸಬೇಕಾಗಿದೆ, ಅಷ್ಟರೊಳಗೆ ಹೆಗಲಿನ ಬಿಗಿತ ಸಡಿಲಿಸಿರಿ.

ಮೌಲಾಸಾಬರದು ಗಾದಿ ಮಾಡುವ ಮನೆತನ. ಅವರ ಅಪ್ಪ ಬಿಲ್ಲಿನಿಂದ ಅರಳೆ ಹಿಂಜುತ್ತಿದ್ದರು. ಇವರ ಕಾಲಕ್ಕೆ ಮಷಿನ್ ಬಂತು. ಹಳೆಯ ಗಾದಿಯ ಗಟ್ಟಿಯಾದ ಅರಳೆಯನ್ನು ಮಷಿನ್ನಿನ ಬಾಯಿಗೆ ಕೊಟ್ಟರೆ ಆಚೆ ಕಡೆ ಬೆಳ್ಳಗೆ ಹೂವಿನಂತೆ ಬಂದು ಬೀಳುತ್ತದೆ. ಹಾಗೆ ಕೊಡುವಾಗ ಒಂದು ದಿನ ಮಷಿನ್ ಅರಳೆಯ ಜತೆ ಎಡಗೈಯನ್ನೂ ಒಳಗೆ ಜಗ್ಗಿತು. ಮುಂಗೈ ಹೋಯಿತು. ಗಾಯ ಚೆನ್ನಾಗಿ ಮಾಗಿತ್ತು. ಆದರೆ ಮನುಷ್ಯ ಮಾಗಿರಲಿಲ್ಲ. ಗಲ್ಲ ಒಳಗೆ ಹೋಗಿ, ಕಣ್ಣು ಕೆಂಪಾಗಿ, ಹೆಂಡತಿ ಬೀಬಿಜಾನರ ಹೆಗಲ ಆಸರೆ ಹಿಡಿದು ಒಳಗೆ ಬಂದರು.

“ಬಾಯಾರ, ಹೆಗಲಿಗೆ ಏನ ಮಾಡ್ತೀರಿ ಮಾಡ್ರಿ, ಆದ್ರ ಜಲ್ದಿ ಮಾಡ್ರಿ. ಮೊಣಕೈ ತನಕ ಕಡದ ಒಗದ್ರ ಪಾರ ಆದೆ.”

“ಮೊಣಕೈ ಹೋದ್ರ ಗಾದಿ ಹೊಲಿಯೂದು ಹೆಂಗ್ರಿ?”

“ಹೊಲಿಯೂದೇನ್ ತಗೊಂಡ್ರಿ. ಉಣ್ಣಾಕ ಆಗವಲ್ದು, ನಿದ್ದಿ ಇಲ್ಲ.”

ಮೊಣಕೈ ಇದ್ದರೆ ಬಟ್ಟೆಯ ಅಂಚನ್ನು ಅದರಿಂದ ಒತ್ತಿ ಹಿಡಿಯಬಹುದು, ಬಲಗೈಯಿಂದ ದಬ್ಬಣ ಆಡಿಸಬಹುದು. ಅದೂ ಹೋದರೆ ಮೂರು ತಲೆಮಾರಿನ ಕೆಲಸ ಅಲ್ಲಿಗೆ ಮುಗಿಯಿತು. ಅದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕಡಿಯಿರಿ ಎನ್ನುತ್ತಿದ್ದರು.

ನಾನು ರೂಢಿಯಂತೆ ಹೇಳಿದೆ, “ನೋವು ಎಲ್ಲೈತಿ, ಬೆರಳಿಟ್ಟು ತೋರಸ್ರಿ.”

ಅವರ ಬಲಗೈ ಎಡ ಮೊಣಕೈ ದಾಟಿತು. ಕತ್ತರಿಸಿದ ತುದಿಯನ್ನೂ ದಾಟಿತು. ದಾಟಿ, ಏನೂ ಇಲ್ಲದ ಗಾಳಿಯಲ್ಲಿ ಒಂದು ಗೇಣು ಮುಂದೆ ಹೋಗಿ ನಿಂತಿತು. ಮರುಕ್ಷಣ ಬೆಚ್ಚಿದವರಂತೆ ಕೈ ಹಿಂದೆ ಎಳೆದುಕೊಂಡು ಗಾಯದ ಕಲೆಯ ಮೇಲೆ ಬೆರಳಿಟ್ಟರು.

“ಇಲ್ಲೇ ರಿ. ಇಲ್ಲೇ.”

“ಮೊದಲ ಬ್ಯಾರೆ ಕಡೆ ತೋರಿಸಿದ್ರೆಲ್ಲ?”

ಅವರು ತಲೆ ತಗ್ಗಿಸಿದರು. ಬೀಬಿಜಾನ್ ತಡೆಯಲಾರದೆ ಬಾಯಿ ಹಾಕಿದರು. “ಹೇಳ್ರಿ. ಇವರ ಮುಂದರ ಹೇಳ್ರಿ. ನನ್ನ ಮುಂದಷ್ಟ ಹೇಳಿ ಅಳ್ತೀರಿ.”

ಬಾಗಿಲು ಹಾಕಿ ಎಂದರು ಮೌಲಾಸಾಬರು. ಹಾಕಿ ಬಂದು ಕೂತೆ.

“ಹುಚ್ಚ ಹಿಡದೈತಿ ಅನಬ್ಯಾಡ್ರಿ ಬಾಯಾರ. ಆ ಕೈ ಹೋಗಿಲ್ರಿ. ಇಲ್ಲೇ ಐತಿ. ಮುಷ್ಟಿ ಬಿಗದೈತಿ. ಮಷಿನ್ ಜಗ್ಗಿದಾಗ ಹಿಡಕೊಂಡಿದ್ನೆಲ್ಲ ಅರಳಿ, ಅದು ಇನ್ನೂ ಮುಷ್ಟಿಯಾಗ ಐತಿ. ಬಿಡಬೇಕಂದ್ರ ಬಿಡಾಕ ಬರವಲ್ದು. ಉಗುರೆಲ್ಲಾ ಅಂಗೈಯಾಗ ನೆಟ್ಟಾವು.”

ಇದನ್ನು ದೇಸಾಯಿ ಸರ್‌ಗೆ ಹೇಳಿರಲಿಲ್ಲ. ಇಲ್ಲದ ಕೈ ನೋಯುತ್ತದೆ ಎಂದರೆ ಯಾರು ನಂಬುತ್ತಾರೆ ಎಂದು, ಇದ್ದ ಕೈ ನೋಯುತ್ತದೆ ಎಂದು ಹೇಳಿದ್ದರು. ಸರ್ ಆ ಮಾತಿನ ಮೇಲೆ ಚಿಕಿತ್ಸೆ ಯೋಚಿಸಿದ್ದರು.

“ಮೌಲಾಸಾಬ್ರ, ಇದು ಹುಚ್ಚಲ್ಲ,” ಎಂದೆ. “ಕೈ ಕಾಲು ಹೋದ ಭಾಳ ಮಂದಿಗೆ ಹಿಂಗ ಆಗತೈತಿ. ನಮ್ಮ ತಲಿಯಾಗ ಇಡೀ ಮೈಯಿಂದು ಒಂದು ನಕಾಶೆ ಇರತೈತಿ. ಕೈ ಹೋದ್ರೂ ನಕಾಶೆಯಾಗಿಂದ ಕೈ ಅಳಸಿ ಹೋಗೂದಿಲ್ಲ. ನೋವು ಖರೇನ ಐತಿ.”

“ಬ್ಯಾರೆದವರಿಗೂ ಆಗತೈತಿ?”

“ಆಗತೈತಿ.”

“ಖರೇ?”

“ಖರೇ.”

ಗೋಡೆಗೆ ತಲೆ ಆನಿಸಿ ದೊಡ್ಡ ಉಸಿರು ಬಿಟ್ಟರು. ಇನ್ನೂ ಏನೂ ಚಿಕಿತ್ಸೆ ಮಾಡಿರಲಿಲ್ಲ. ಆದರೂ ಅವರ ಹೆಗಲು ಆಗಲೇ ಸ್ವಲ್ಪ ಇಳಿದಿತ್ತು.

ಆಮೇಲೆ ನಿಧಾನವಾಗಿ ಪರೀಕ್ಷೆ ಮಾಡಿದೆ. ಕಲೆಯ ಮೇಲೆ ಒತ್ತಿದೆ, ಬೆರಳಿನಿಂದ ತಟ್ಟಿದೆ, ಮೊಣಕೈ ಮಡಚಿ ಬಿಡಿಸಿದೆ. ಒಂದು ಕಡೆ ಜುಮ್ಮೆನ್ನುತ್ತದೆ ಎಂದರು. ಆದರೆ ಒತ್ತಿದಾಗ ಮುಷ್ಟಿಯ ನೋವು ಹೆಚ್ಚಲಿಲ್ಲ, ಬಿಟ್ಟಾಗ ಕಡಿಮೆಯೂ ಆಗಲಿಲ್ಲ. ಅದು ಬೇರೆ, ಇದು ಬೇರೆ. ಹೊಸಬರು ಈ ಪರೀಕ್ಷೆಯನ್ನು ಅವಸರದಲ್ಲಿ ಮುಗಿಸಬಾರದು ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ. ಕತ್ತರಿಸಿದರೆ ಮೊಣಕೈ ಹೋಗುತ್ತಿತ್ತು, ಮುಷ್ಟಿ ಅಲ್ಲೇ ಉಳಿಯುವ ಸಂಭವ ದೊಡ್ಡದಿತ್ತು.

ದೇಸಾಯಿ ಸರ್ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು.

“ನನಗ್ಯಾಕ ಹೇಳಲಿಲ್ಲ ಅವರು?”

“ನಾಚಿಕಿ, ಸರ್.”

ಸರ್ ಪೆನ್ನಿಗೆ ಟೊಪ್ಪಿಗೆ ಹಾಕಿ ಬದಿಗಿಟ್ಟರು. “ಆಪರೇಷನ್ ಮುಂದ ಹಾಕ್ತೇನಿ. ಆದ್ರ ಆ ಮನುಷ್ಯಾ ಮತ್ತ ಬಂದು ಕಡೀರಿ ಅಂತ ಅತ್ರ ಏನ ಹೇಳ್ಲಿ? ನಿಮ್ಮ ಹಂತೇಕ ಏನ ಉಪಾಯ ಐತಿ?”

“ಕನ್ನಡಿ ಐತಿ, ಸರ್.”

ಯಾವುದೋ ತರಬೇತಿಯಲ್ಲಿ ನಾನು ಅದನ್ನು ಕಲಿತಿದ್ದೆ. ಕೈಯಾರೆ ಎಂದೂ ಮಾಡಿ ನೋಡಿರಲಿಲ್ಲ. ಕನ್ನಡಿಯನ್ನು ಎರಡು ಕೈಗಳ ನಡುವೆ ನಿಲ್ಲಿಸಬೇಕು. ಕತ್ತರಿಸಿದ ಕೈ ಅದರ ಹಿಂದೆ ಮರೆಯಾಗಬೇಕು. ಮುಂದಿರುವ ಒಳ್ಳೆಯ ಕೈಯ ಬಿಂಬ, ಹೋದ ಕೈ ಇರಬೇಕಾದ ಜಾಗದಲ್ಲೇ ಕಾಣಬೇಕು. ಒಳ್ಳೆಯ ಕೈ ಆಡಿಸಿದರೆ ಹೋದ ಕೈ ಆಡಿದಂತೆ ಕಣ್ಣಿಗೆ ತೋರುತ್ತದೆ. ಕಣ್ಣು ಒಪ್ಪಿದರೆ ತಲೆಯೂ ಒಪ್ಪುತ್ತದೆ. ಎಲ್ಲರಿಗೂ ಒಪ್ಪುವುದಿಲ್ಲ, ಕೆಲವರಿಗೆ ಒಪ್ಪುತ್ತದೆ.

ಸರ್ ನಗಬಹುದು ಎಂದು ಹೆದರಿದ್ದೆ. ಅವರು ನಗಲಿಲ್ಲ. “ಹಿಡೀರಿ ಕನ್ನಡಿ. ನಾ ಕೊಟ್ಟ ಗುಳಗಿ ಮಾತ್ರ ನಿಲ್ಲಸಬ್ಯಾಡ್ರಿ,” ಎಂದರು.

ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯಿಂದ ಉದ್ದನೆಯ ಕನ್ನಡಿ ತಂದು ಮೇಜಿನ ಮೇಲೆ ನಿಲ್ಲಿಸಿದೆ. ಮೌಲಾಸಾಬರು ಕೂತರು, ನೋಡಿದರು, ಬೆವತರು. ಮುಖ ಆಚೆ ತಿರುಗಿಸಿ, “ಬ್ಯಾಡ್ರಿ. ಅದು ನನ್ನ ಕೈಯಲ್ಲ,” ಎಂದರು. ಮರುದಿನವೂ ಅದೇ. ಅದರ ಮರುದಿನ ಮುಷ್ಟಿ ಇನ್ನಷ್ಟು ಬಿಗಿಯಾಗಿದೆ ಎಂದರು. ನಾನು ಧೈರ್ಯ ಹೇಳಿದೆ, ಜಾಗ ಬದಲಿಸಿದೆ, ಬೆಳಕು ಬದಲಿಸಿದೆ. ಕೊನೆಗೆ ಬರುವುದನ್ನೇ ಬಿಟ್ಟರು.

ವಾರಕ್ಕೊಮ್ಮೆ ನನಗೆ ಲಕ್ಷ್ಮೇಶ್ವರದಲ್ಲಿ ಕ್ಯಾಂಪ್ ಇರುತ್ತಿತ್ತು. ಕ್ಯಾಂಪ್ ಮುಗಿಸಿ ವಿಳಾಸ ಕೇಳುತ್ತಾ ಅವರ ಮನೆಗೆ ಹೋದೆ. ಮುಂದಿನ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಮಷಿನ್ ಮೇಲೆ ತಾಡಪಾಲು ಹೊದಿಸಿದ್ದರು. ಬೀಬಿಜಾನ್ ನೆಲದ ಮೇಲೆ ಕೂತು ಯಾರದೋ ಹಳೆಯ ದಿಂಬಿನ ಅರಳೆಯನ್ನು ಕೈಯಿಂದಲೇ ಹಿಂಜುತ್ತಿದ್ದರು. ಮೌಲಾಸಾಬರು ನನ್ನನ್ನು ಕಂಡು ಎದ್ದು ನಿಂತರು.

“ಕುಂಡ್ರಿ ಬಾಯಾರ. ಇಲ್ಲೀ ತನಕ ಬಂದ್ರಿ, ದೊಡ್ಡ ಮಾತು. ಆದ್ರ ಡಾಕ್ಟರಿಗೆ ಹೇಳ್ರಿ, ಆಪರೇಷನ್ ತಾರೀಖ ಕೊಡ್ಲಿ.”

ಹೇಳುತ್ತೇನೆ ಎಂದೆ. ಚಹಾ ಬಂತು. ಕುಡಿಯುತ್ತಾ ಕೇಳಿದೆ, “ಕನ್ನಡಿಯಾಗಿಂದು ನನ್ನ ಕೈ ಅಲ್ಲ ಅಂದ್ರೆಲ್ಲ, ಯಾಕ ಹಂಗ ಅನಿಸ್ತು?”

ಅವರಿಗೆ ಪ್ರಶ್ನೆ ವಿಚಿತ್ರವೆನಿಸಿತು. ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡರು. ಬೆರಳಲ್ಲಿ ಕಂದು ಕಲ್ಲಿನ ಬೆಳ್ಳಿ ಉಂಗುರವಿತ್ತು, ಮದುವೆಯ ಕಾಲದ್ದು.

“ಉಂಗುರ ರಿ. ಎಡಗೈಯಾಗ ನಾ ಎಂದೂ ಉಂಗುರ ಹಾಕಿದಾಂವಲ್ಲ. ಕನ್ನಡಿಯಾಗ ನೋಡಿದ್ರ ಯಾರದೋ ಕೈ ತಂದ ಇಟ್ಟಂಗ ಕಾಣತೈತಿ.” ಅಂಗೈ ತಿರುಗಿಸಿ ತೋರಿಸಿದರು, “ಮತ್ತ ಅದು ಬರಿಗೈ. ನನ್ನ ಕೈಯಾಗ ಅರಳಿ ಐತಿ.”

ನಾನು ಚಹಾದ ಕಪ್ಪು ಕೆಳಗಿಟ್ಟೆ. ಬೀಬಿಜಾನ್ ಆಗಲೇ ಎದ್ದು ಉಂಗುರ ಕಳಚಲು ಸಾಬೂನು ನೀರು ತರಲು ಹೋಗಿದ್ದರು. ಉಂಗುರ ಗೆಣ್ಣಿನ ಹತ್ತಿರ ಸಿಕ್ಕಿ ಹಾಕಿಕೊಂಡಿತು. ತಿರುಗಿಸಿ, ಜಗ್ಗಿ, “ಹಳೇ ಮದುವಿ ರಿ, ಸಡ್ಲ ಆಗೂದಿಲ್ಲ,” ಎಂದು ಬೀಬಿಜಾನ್ ಅಂದಾಗ ಮೌಲಾಸಾಬರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಉಂಗುರ ಕಳಚಿ ಬಂತು.

ಕನ್ನಡಿ ಗದಗಿನಲ್ಲಿತ್ತು. ಆದರೆ ಅವರ ಪಡಸಾಲೆಯಲ್ಲಿ ಒಂದು ಕಬ್ಬಿಣದ ಬೀರು ಇತ್ತು, ಅದರ ಬಾಗಿಲಿಗೆ ನಿಲುವುಗನ್ನಡಿ. ಬಾಗಿಲನ್ನು ಅರ್ಧ ತೆರೆದು, ಅದರ ಅಂಚಿಗೆ ಅವರನ್ನು ಕೂರಿಸಿದೆ. ಎಡಗೈ ಬಾಗಿಲ ಹಿಂದೆ ಹೋಯಿತು, ಬಲಗೈ ಮುಂದೆ. ಬೀಬಿಜಾನ್ ಗುಡ್ಡೆಯಿಂದ ಒಂದು ಹಿಡಿ ಅರಳೆ ಕಿತ್ತು ಬಲಗೈಯಲ್ಲಿ ಇಟ್ಟರು.

“ಎಡಗೈ ಮುಷ್ಟಿ ಎಷ್ಟು ಬಿಗದೈತಿ, ಬಲಗೈ ಅಷ್ಟ ಬಿಗೀರಿ,” ಎಂದೆ.

ಬಿಗಿದರು. ಗೆಣ್ಣುಗಳು ಬೆಳ್ಳಗಾದವು. ಕನ್ನಡಿಯಲ್ಲಿ ಈಗ ಉಂಗುರವಿಲ್ಲದ ಎಡಗೈ, ಅದರಲ್ಲಿ ಬಿಗಿ ಹಿಡಿದ ಅರಳೆ. ಮೌಲಾಸಾಬರು ನೋಡುತ್ತಾ ನೋಡುತ್ತಾ ಉಸಿರು ಹಿಡಿದರು.

“ಇದ ರಿ,” ಎಂದರು ಮೆಲ್ಲಗೆ. “ಇದ ನನ್ನ ಕೈ.”

“ಅವಸರ ಬ್ಯಾಡ. ಎರಡೂ ಕೈ ಕೂಡೆ ಬಿಡೂದು. ಮೊದಲ ಕಿರಿಬೆರಳು.”

ಕಿರಿಬೆರಳು ಬಿಚ್ಚಿತು. ಅದರ ಪಕ್ಕದ್ದು. ನಡುಬೆರಳು. ಅರಳೆಯ ಎಳೆಗಳು ಬೆರಳುಗಳ ಸಂದಿಯಿಂದ ಉಬ್ಬಿ ಬಂದವು. ತೋರುಬೆರಳು, ಹೆಬ್ಬೆರಳು. ಅಂಗೈ ತೆರೆಯಿತು. ಕೈಯನ್ನು ತಿರುಗಿಸಿದರು. ಅರಳೆ ನೆಲಕ್ಕೆ ಬಿತ್ತು.

“ಬಿತ್ತು!” ಎಂದು ಚೀರಿದರು. “ಬಿತ್ರಿ ಬಾಯಾರ! ಎರಡೂ ಕೈಯಾಗಿಂದು ಬಿತ್ತು! ಉಗುರು ಬಿಟ್ಟುವು! ಬೀಬೀ, ಬಿಟ್ಟುವು ನೋಡ!”

ಬೀಬಿಜಾನ್ ಬಾಗಿಲ ಹಿಂದಿದ್ದ ಆ ತುಂಡುಗೈಯನ್ನು ಎರಡೂ ಕೈಯಲ್ಲಿ ಹಿಡಿದು ಅಳತೊಡಗಿದರು. ಮೌಲಾಸಾಬರ ಕಣ್ಣು ಮಾತ್ರ ಕನ್ನಡಿಯಿಂದ ಕದಲಲಿಲ್ಲ. ತೆರೆದ ಆ ಅಂಗೈಯನ್ನು ಊರಿಂದ ಬಂದ ಮಗನನ್ನು ನೋಡುವಂತೆ ನೋಡುತ್ತಿದ್ದರು. ನಾನೋ, ಗೋಡೆಗೆ ಒರಗಿ ನಿಂತುಬಿಟ್ಟಿದ್ದೆ. ಅಷ್ಟು ವರ್ಷದ ಕೆಲಸದಲ್ಲಿ ನನ್ನ ಮೈ ಹಾಗೆ ಜುಮ್ಮೆಂದದ್ದು ಇನ್ನೊಮ್ಮೆ ಇಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಂದೇ ಸಂಜೆ ಮುಷ್ಟಿ ಮತ್ತೆ ಬಿಗಿಯಿತು. ಫೋನಿನಲ್ಲಿ ಅವರ ಧ್ವನಿ ಸೋತಿರಬಹುದೆಂದು ಅಂಜಿಕೊಂಡೇ ಎತ್ತಿದೆ. “ಬಂದೈತ್ರಿ, ಆದ್ರ ಈಗ ನನಗ ಬಿಚ್ಚಾಕ ಬರತೈತಿ,” ಎಂದರು. ದಿನಾ ಬೀರುವಿನ ಮುಂದೆ ಕೂತರು. ಜತೆಗೆ ತುಂಡುಗೈಯ ತುದಿಗೆ ಮೊದಲು ಅರಳೆ, ಆಮೇಲೆ ಮೆತ್ತನೆಯ ಬಟ್ಟೆ, ಆಮೇಲೆ ಗೋಣಿಚೀಲ ಉಜ್ಜುವುದನ್ನು ಕಲಿಸಿದೆ, ಮುಟ್ಟಿದರೆ ಬೆಚ್ಚುವ ಆ ಚರ್ಮ ಮುಟ್ಟುವುದಕ್ಕೆ ಒಗ್ಗಲಿ ಎಂದು. ಹೆಗಲು ಸಡಿಲಾಯಿತು. ಊಟ ಸೇರಿತು, ನಿದ್ದೆ ಬಂತು. ನೋವು ಪೂರಾ ಹೋಗಲಿಲ್ಲ. ಮೈ ದಣಿದಾಗ, ಸಿಟ್ಟು ಬಂದಾಗ, ಥಂಡಿ ಹೆಚ್ಚಾದಾಗ ಬರುತ್ತಿತ್ತು. ಬಂದರೆ ಹೇಗೆ ಕಳಿಸಬೇಕು ಎಂದು ಅವರಿಗೆ ಗೊತ್ತಿತ್ತು, ಆದ್ದರಿಂದ ಬರುವುದರ ಹೆದರಿಕೆ ಹೋಯಿತು.

ದೇಸಾಯಿ ಸರ್ ಮುಂದೆ ಅವರನ್ನು ಕರೆದುಕೊಂಡು ಹೋದೆ. ಸರ್ ಆ ಮೊಣಕೈಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. “ಹೊಲೀರಿ ಗಾದಿ,” ಎಂದರು ಅವರಿಗೆ. ನನ್ನ ಕಡೆ ತಿರುಗಿ, “ಇನ್ನ ಮ್ಯಾಲೆ ಕತ್ತರಿಸೂ ಮೊದಲ ಎಲ್ಲಾರನೂ ನಿಮ್ಮ ಕಡೆ ಕಳಸ್ತೇನಿ. ಬೆರಳ ಎಲ್ಲಿ ತೋರಸ್ತಾರ ನೋಡಿ ಹೇಳ್ರಿ,” ಎಂದರು. ಅಂಥ ಮಾತು ಅವರ ಬಾಯಿಂದ ನಾವ್ಯಾರೂ ಕೇಳಿರಲಿಲ್ಲ. ಹೇಳಿದಂತೆ ಕಳಿಸಿದರು ಕೂಡ. ಅವರ ಕೈಕೆಳಗಿನ ಎಳೆಯ ಡಾಕ್ಟರುಗಳೂ ರೋಗಿಗೆ “ಬೆರಳಿಟ್ಟು ತೋರಸ್ರಿ” ಎನ್ನಲು ಶುರು ಮಾಡಿದರು.

ಮೌಲಾಸಾಬರು ತುಂಡುಗೈಗೆ ಚರ್ಮದ ಒಂದು ಟೊಪ್ಪಿಗೆ ಮಾಡಿಸಿಕೊಂಡರು. ಮೊಣಕೈಯಿಂದ ಬಟ್ಟೆ ಒತ್ತಿ, ಬಲಗೈಯಿಂದ ದಬ್ಬಣ ಹಾಕಿ ಮೊದಲ ಗಾದಿ ಹೊಲಿದದ್ದು ಶಿರಹಟ್ಟಿಯ ಒಂದು ಮದುವೆ ಮನೆಗೆ. ಮಷಿನ್ನಿನ ಬಾಯಿಗೆ ತಗಡಿನ ಅಡ್ಡ ಹಾಕಿಸಿ, ಅದನ್ನು ನಡೆಸುವ ಕೆಲಸ ಮೈದುನನಿಗೆ ಕೊಟ್ಟರು. ಹೊಲಿಗೆ ಮೊದಲಿಗಿಂತ ನಿಧಾನ, ಆದರೆ ಮೊದಲಿಗಿಂತ ಬಿಗಿ ಎಂದು ಊರು ಹೇಳಿತು.

ನಾನು ನಿವೃತ್ತಳಾಗುವ ವರ್ಷ ಮುಂಡರಗಿಯ ಕ್ಯಾಂಪಿಗೆ ಶೇಖಪ್ಪ ಎಂಬ ಹಳೆಯ ಬಸ್ ಡ್ರೈವರ್ ಬಗ್ಗೆ ಸುದ್ದಿ ಬಂತು. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಪಾದ ಹೋಗಿತ್ತು. ಮನೆ ಬಿಟ್ಟು ಹೊರಗೆ ಬರುವುದಿಲ್ಲ, ಯಾರ ಕೂಡೆಯೂ ಮಾತಿಲ್ಲ, ನೋವೇನಾದರೂ ಇದೆಯೇ ಎಂದರೆ ಇಲ್ಲ ಎನ್ನುತ್ತಾರೆ ಎಂದು ಅವರ ಹೆಂಡತಿ ನೀಲವ್ವ ಬಂದು ಹೇಳಿದರು. ನಾನು ಹೋಗಿ ಕೇಳಿದೆ. ನನಗೂ ಇಲ್ಲ ಎಂದರು. ಹಲ್ಲು ಕಚ್ಚಿ ಇಲ್ಲ ಎನ್ನುತ್ತಿದ್ದರು. ಮುಂದಿನ ವಾರ ಮೌಲಾಸಾಬರನ್ನು ಕೇಳಿದೆ, ಬರುತ್ತೀರಾ ಎಂದು. ಹೊಲಿಗೆ ಅರ್ಧಕ್ಕೆ ಬಿಟ್ಟು ಬಂದರು, ಕಂಕುಳಲ್ಲಿ ಕನ್ನಡಿ ಹಿಡಿದು.

ಶೇಖಪ್ಪ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಮೌಲಾಸಾಬರು ಹೋಗಿ ಪಕ್ಕದಲ್ಲಿ ಕೂತು, ಚರ್ಮದ ಟೊಪ್ಪಿಗೆ ಕಳಚಿ, ತುಂಡುಗೈಯನ್ನು ಶೇಖಪ್ಪನ ತೊಡೆಯ ಮೇಲೆ ಇಟ್ಟರು. ನಾನು ಬಾಗಿಲಲ್ಲೇ ನಿಂತೆ.

“ಅಣ್ಣಾ, ನಂದು ಕೈ ಇಲ್ಲಿಗೆ ಮುಗಿದೈತಿ ಅಂತ ಮಂದಿ ಅಂತಾರ. ನನಗ ಇಲ್ಲೀ ತನಕ ಐತಿ,” ಎಂದು ಗಾಳಿಯಲ್ಲಿ ತೋರಿಸಿದರು. “ನಿಮ್ಮ ಕಾಲು ಈಗ ಎಲ್ಲೈತಿ?”

ಶೇಖಪ್ಪ ಗೋಡೆ ಬಿಟ್ಟು ಅವರ ಕಡೆ ತಿರುಗಿದರು.

“ಬ್ರೇಕ್ ಮ್ಯಾಲೆ ಐತಿ. ಒತ್ತಿ ಹಿಡದೇನಿ. ಬಿಟ್ಟೇನಂದ್ರ ಬಿಡವಲ್ದು. ಮೊಣಕಾಲ ಕೆಳಗ ಪಿಂಡ್ರಿ ಹರದು ಹೋಗಾಕತ್ತೈತಿ.”

“ಹೌದ?” ಎಂದರು ಮೌಲಾಸಾಬರು. “ಹಂಗಾರ ಬರ್ರಿ, ಬಿಡೂಣು.”

ಕನ್ನಡಿಯನ್ನು ಎರಡು ಕಾಲುಗಳ ನಡುವೆ ಅವರೇ ನಿಲ್ಲಿಸಿದರು. ಶೇಖಪ್ಪನ ಎಡಗಾಲಿನ ಬೆರಳಲ್ಲಿದ್ದ ತಾಮ್ರದ ಸುತ್ತು ತೆಗೆಸಿದರು. ಪಾದದ ಕೆಳಗೆ ಒಂದು ಹಲಗೆಯ ತುಂಡು ಇಟ್ಟು, ಎಷ್ಟು ಬಿಗಿಯಾಗಿ ಒತ್ತಿದ್ದೀರೋ ಅಷ್ಟೇ ಇದನ್ನೂ ಒತ್ತಿ, ಕನ್ನಡಿ ನೋಡುತ್ತಾ ಮೆಲ್ಲಗೆ ಎತ್ತಿ ಎಂದರು. ನಾನು ಒಂದು ಮಾತನ್ನೂ ಸೇರಿಸಬೇಕಾಗಲಿಲ್ಲ. ಶೇಖಪ್ಪ ಒತ್ತಿದರು. ಹಣೆಯ ಮೇಲೆ ನರ ಎದ್ದಿತು. ಕನ್ನಡಿಯೊಳಗಿನ ಬಲಪಾದ ಹಲಗೆಯಿಂದ ಒಂದು ಕೂದಲೆಳೆ ಮೇಲೆದ್ದಿತು, ನಿಂತಿತು, ಮತ್ತಷ್ಟು ಎದ್ದಿತು.

ಗಂಡನ ಸದ್ದು ಕೇಳಿ ಒಳಗಿನಿಂದ ನೀಲವ್ವ ಗಾಬರಿಯಾಗಿ ಬಂದರು. “ಏನಾತ್ರಿ? ಯಾಕ ಅಳಾಕತ್ತೀರಿ?”

ಶೇಖಪ್ಪ ಅಳುತ್ತಿರಲಿಲ್ಲ, ನಗುತ್ತಿದ್ದರು. ಎರಡೂ ಕೈಯನ್ನು ಎದೆಯ ಮುಂದೆ ಸ್ಟಿಯರಿಂಗ್ ಹಿಡಿದಂತೆ ಹಿಡಿದಿದ್ದರು.

“ಬ್ರೇಕ್ ಬಿಟ್ಟೆ,” ಎಂದರು. “ಗಾಡಿ ಹೊಂಟೈತಿ. ಹತ್ತೂದಿದ್ರ ಜಲ್ದಿ ಹತ್ತು.”